ಪಾಯ ತೆಗೆಯುವ ಮೊದಲು ನೆಲದ ಒಳಗೆ ಏನಿದೆ ನೋಡಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಸೈಟಿನಲ್ಲಿ ಹಾರೆ ಹಾಕಿದಾಗ ಠಣ್ ಅಂದರೆ ಸಾಕು, ‘ಗಟ್ಟಿ ನೆಲ’ ಎಂದು ತೀರ್ಮಾನಿಸಿಬಿಡುತ್ತಾರೆ. ಅಷ್ಟು ಬೇಗ ನಂಬಬೇಡಿ. ಹಾರೆ ತಾಗಿದ್ದು ಮೇಲಿನ ಜಂಬಿಟ್ಟಿಗೆಗೆ, ಅಂದರೆ ಕೆಂಪು ಮುರಕಲ್ಲಿನ ಪದರಕ್ಕೆ. ಅದರ ಅಡಿಗೆ ಎಷ್ಟೋ ಕಡೆ ಶೇಡಿ ಮಣ್ಣಿರುತ್ತದೆ. ಬಿಳಿ, ಹಳದಿ, ನಸುಗೆಂಪು ಬಣ್ಣ, ಮುಟ್ಟಿದರೆ ನುಣುಪು. ಬೇಸಿಗೆಯಲ್ಲಿ ಕಡಿದರೆ ನೆಟ್ಟಗೆ ನಿಲ್ಲುತ್ತದೆ, ನೀರು ಕುಡಿದರೆ ಜಾರುತ್ತದೆ. ಮಳೆಗಾಲದಲ್ಲಿ ಧರೆ (ಇಳಿಜಾರಿನ ಕಡಿದಾದ ಮಣ್ಣಿನ ಗೋಡೆ) ಕುಸಿಯಲು ಇದೂ ಒಂದು ಕಾರಣ.

ಹಾಗಾಗಿ ಮೊದಲು ಜಾಗವನ್ನು ಜುಲೈನಲ್ಲಿ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ. ಆ ಸೀಮೆಯ ನೆಲದ ಗುಣ ಫೆಬ್ರುವರಿಯಲ್ಲಿ ಗೊತ್ತಾಗುವುದಿಲ್ಲ. ಎಲ್ಲಾದರೂ ಜಲ ಏಳುತ್ತದೆಯೇ? ಪಕ್ಕದ ಬಾವಿಯಲ್ಲಿ ನೀರು ಎಲ್ಲಿಯವರೆಗೆ ಬಂದಿದೆ? ಅಕ್ಕಪಕ್ಕದವರನ್ನು ಮಾತಾಡಿಸಿ. ಹಿಂದೆ ಗದ್ದೆಯಾಗಿತ್ತೇ, ಮಣ್ಣು ಹೊಡೆಸಿ ಎತ್ತರ ಮಾಡಿದ್ದೇ ಎಂದು ಕೇಳಿ. ಮಾರುವವರು ಇದನ್ನು ತಾವಾಗಿ ಹೇಳಲ್ಲ, ಅಲ್ವಾ?

ಆಮೇಲೆ ಗುಂಡಿ. ಸಣ್ಣ ಸೈಟಾದರೆ ಎದುರುಬದುರು ಮೂಲೆಗಳಲ್ಲಿ ಎರಡು, ನಡುವೆ ಒಂದು. ಪಾಯದ ಅಡಿಯಿಂದ ಕೆಳಗೆ, ಪಾಯದ ಅಗಲದ ಒಂದೂವರೆ ಪಟ್ಟು ಆಳದವರೆಗಾದರೂ ಮಣ್ಣು ನೋಡಬೇಕು. ಪಾಯ 4 ಅಡಿ ಆಳ, 4 ಅಡಿ ಅಗಲ ಇದ್ದರೆ ಒಟ್ಟು 10 ಅಡಿ. ಅಷ್ಟು ಆಳಕ್ಕೆ ಆಳನ್ನು ಇಳಿಸಬೇಡಿ, ಪಕ್ಕ ಕುಸಿದರೆ ಜೀವಕ್ಕೇ ಅಪಾಯ. ಜೆಸಿಬಿಯಲ್ಲಿ ತೆಗೆಸಿ, ಬಕೆಟ್ಟಿನಲ್ಲಿ ಬಂದ ಮಣ್ಣನ್ನು ಮೇಲೆ ನಿಂತೇ ನೋಡಿ. ಯಾವ ಆಳದಲ್ಲಿ ಬಣ್ಣ ಬದಲಾಯಿತು, ಎಲ್ಲಿ ಒದ್ದೆ ಸಿಕ್ಕಿತು ಎಂದು ಬರೆದಿಡಿ.

ಪ್ರತಿ ಪದರದಿಂದ ಒಂದು ಹಿಡಿ ಮಣ್ಣನ್ನು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಮಾರನೇ ದಿನವೂ ನೀರು ರಾಡಿಯಾಗಿದ್ದರೆ ಜೇಡಿಯಂಶ ಇದೆ ಎಂದುಕೊಳ್ಳಿ. ಶಿವಮೊಗ್ಗದಿಂದ ಪೂರ್ವದ ಬಯಲಿನ ಕಡೆ ಎರೆ ಮಣ್ಣು ಸಿಕ್ಕರೆ ಇನ್ನೂ ಹುಷಾರು. ಅದು ಮಳೆಯಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿದು ಗೋಡೆಯನ್ನೂ ಸೀಳುತ್ತದೆ.

ಇಳಿಜಾರಿನಲ್ಲಿ ಧರೆ ಕಡಿದು, ಆ ಮಣ್ಣನ್ನೇ ಮುಂದಕ್ಕೆ ತಳ್ಳಿ ಸಮ ಮಾಡುವುದು ನಮ್ಮಲ್ಲಿ ಮಾಮೂಲು. ಅರ್ಧ ಮನೆ ಕಡಿದ ನೆಲದ ಮೇಲೆ, ಅರ್ಧ ತುಂಬಿಸಿದ ಮಣ್ಣಿನ ಮೇಲೆ ಬಂದರೆ ಒಂದು ಕಡೆ ಮಾತ್ರ ಕುಸಿದು ಬಿರುಕು ಬಿಡುತ್ತದೆ. ಪಾಯವನ್ನು ಎಲ್ಲ ಕಡೆ ಹುಟ್ಟು ನೆಲಕ್ಕೇ ಇಳಿಸಿ. ಧರೆಯ ನೆತ್ತಿಯಲ್ಲಿ ನೀರು ಪಕ್ಕಕ್ಕೆ ಹೋಗಲು ಚರಂಡಿ ತೆಗೆಸಿ.

ಶೇಡಿ, ಎರೆ, ತುಂಬಿಸಿದ ಮಣ್ಣು, ಕಡಿದಾದ ಇಳಿಜಾರು, ಎರಡನೇ ಅಂತಸ್ತು: ಇದರಲ್ಲಿ ಒಂದಿದ್ದರೂ ಎಂಜಿನಿಯರನ್ನು ಕರೆಸಿ ಬೋರ್ ಹಾಕಿಸಿ. ಇದು ನೀರಿನ ಬೋರ್ ಅಲ್ಲ, ನೆಲ ಎಷ್ಟು ಗಟ್ಟಿ ಎಂದು ಅಳೆಯುವ ತೂತು. 63.5 ಕೆ.ಜಿ. ತೂಕದ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬಿಟ್ಟು, ಕೊಳವೆಯನ್ನು 45 ಸೆಂ.ಮೀ. ಇಳಿಸುತ್ತಾರೆ. ಕೊನೆಯ 30 ಸೆಂ.ಮೀ.ಗೆ ಎಷ್ಟು ಪೆಟ್ಟು ಬೇಕಾಯಿತು ಅನ್ನುವುದೇ ‘ಎನ್’ ಸಂಖ್ಯೆ. ರಿಪೋರ್ಟಿನಲ್ಲಿ ಈ ಸಂಖ್ಯೆ, ನೀರಿನ ಮಟ್ಟ, ನೆಲ ತಾಳುವ ಭಾರ ಮೂರೂ ಇವೆಯೇ ನೋಡಿ. ಅಡಿಕೆ ತೋಟಕ್ಕೆ ಮಾಡಿಸುವ ಮಣ್ಣು ಪರೀಕ್ಷೆಯ ಕಾರ್ಡು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದು ಗೊಬ್ಬರದ ಲೆಕ್ಕ.

ನೋಡಿ ಮುಗಿದ ಗುಂಡಿಗಳನ್ನು ಪದರ ಪದರವಾಗಿ ದಮ್ಮಸ್ಸು ಮಾಡಿ ಮುಚ್ಚಿಸಿ. ಅವು ಎಲ್ಲಿದ್ದವು ಎಂದು ನಕ್ಷೆಯಲ್ಲಿ ಗುರುತು ಹಾಕಿ ಮೇಸ್ತ್ರಿಗೆ ಕೊಡಿ. ಇಲ್ಲದಿದ್ದರೆ ಕಂಬ ಅದೇ ಜಾಗಕ್ಕೆ ಬಂದರೂ ಅವರಿಗೆ ಗೊತ್ತಾಗುವುದಿಲ್ಲ.