ಫಿಕ್ಸಿ ಟೈರ್ ಒಂದೇ ಕಡೆ ಸವೆಯುತ್ತಿದೆಯಾ? ಹಿಂದಿನ ಹಲ್ಲು ಎಣಿಸಿ

ಫಿಕ್ಸಿ ಅಂದರೆ ಫಿಕ್ಸೆಡ್ ಗೇರ್ ಸೈಕಲ್, ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಅದರಲ್ಲಿ 48 ಹಲ್ಲಿನ ಚೈನ್‌ರಿಂಗ್ (ಪೆಡಲ್ ಹತ್ತಿರದ ಹಲ್ಲುಚಕ್ರ), 16 ಹಲ್ಲಿನ ಕಾಗ್ (ಹಿಂಚಕ್ರದ ಹಲ್ಲುಚಕ್ರ) ಇದ್ದರೆ ಕಾಗ್ ಮಾತ್ರ 17ಕ್ಕೆ ಬದಲಿಸಿ. ಟೈರ್ ತುಂಬಾ ಜಾಸ್ತಿ ದಿನ ಬರುತ್ತದೆ. 48ನ್ನು 16ರಿಂದ ಭಾಗಿಸಿದರೆ ಸರಿಯಾಗಿ 3. ಅಂದರೆ ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರ ಪೂರ್ತಿ ಮೂರು ಸುತ್ತು. ಹಾಗಾಗಿ ಅದೇ ಕಾಲು ಮುಂದಿಟ್ಟು ಸ್ಕಿಡ್ ಮಾಡಿದಾಗಲೆಲ್ಲ, ಅಂದರೆ ಪೆಡಲ್ ತಡೆದು ಹಿಂಚಕ್ರ ಜಾರಿಸಿದಾಗಲೆಲ್ಲ, ಟೈರ್‌ನ ಅದೇ ಜಾಗ ರಸ್ತೆಗೆ ಉಜ್ಜುತ್ತದೆ. ಉಳಿದ ಟೈರ್ ಹೊಸದರಂತಿದ್ದರೂ ಅಲ್ಲಿ ಮಾತ್ರ ರಬ್ಬರ್ ಹೋಗಿ ಒಳಗಿನ ನೂಲು ಕಾಣುತ್ತದೆ. 17 ಹಾಕಿದರೆ 48 ಸರಿಯಾಗಿ ಭಾಗವಾಗಲ್ಲ, ಹಾಗಾಗಿ ಸವೆತ 17 ಜಾಗಕ್ಕೆ ಹಂಚಿಹೋಗುತ್ತದೆ. ತುಳಿಯೋದೂ ಸ್ವಲ್ಪ ಹಗುರ, ಏರು ರಸ್ತೆಯಲ್ಲಿ ಗೊತ್ತಾಗುತ್ತದೆ. ಹಿಂಚಕ್ರ ಸುಮಾರು 3 ಮಿ.ಮೀ. ಮುಂದೆ ಬರುತ್ತದೆ ಅಷ್ಟೇ. ಅಷ್ಟು ಜಾಗ ಇದ್ದರೆ ಹಳೇ ಚೈನ್ ಸಾಕು. ಕಾಗ್ ಬಿಗಿಹಿಡಿಯುವ ಲಾಕ್‌ರಿಂಗ್ ಬಿಚ್ಚುವಾಗ ನೆನಪಿರಲಿ, ಅದರದ್ದು ಉಲ್ಟಾ ಮರೆ (ಥ್ರೆಡ್): ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಮುಂದೆ 34 ಅಥವಾ 51 ಹಲ್ಲಿದ್ದರೆ ಈ ಉಪಾಯ ನಡೆಯಲ್ಲ, ಎರಡೂ 17ರ ಮಗ್ಗಿಯಲ್ಲೇ ಬರುತ್ತವೆ. ಇದು ಟೈರ್ ಉಳಿಸುತ್ತದೆಯೇ ಹೊರತು ಸೈಕಲ್ ಬೇಗ ನಿಲ್ಲಿಸಲ್ಲ, ಮುಂದಿನ ಬ್ರೇಕ್ ದಯವಿಟ್ಟು ತೆಗೆಯಬೇಡಿ.