ಅಬುಧಾಬಿಯ ಎಣ್ಣೆ ಕೆಲಸಕ್ಕೆ ಹೊರಟ ದಾವಣಗೆರೆಯವರಿಗೆ

ದಾವಣಗೆರೆ ಕಡೆಯಿಂದ ಇಲ್ಲಿ ಅಬುಧಾಬಿಗೆ ಹೊಸ ಹುಡುಗರು ಬರುತ್ತಲೇ ಇರುತ್ತಾರೆ. ಯುಬಿಡಿಟಿ, ಬಿಐಇಟಿಯಲ್ಲಿ ಓದಿದ ಎಂಜಿನಿಯರುಗಳು, ಐಟಿಐ ಮುಗಿಸಿದ ವೆಲ್ಡರು, ಫಿಟ್ಟರುಗಳು. ಕಂಪನಿ ಯಾವುದಪ್ಪಾ ಎಂದರೆ ಅಡ್ನಾಕ್, ಬಿಪಿ, ಟೋಟಲ್ ಎಂದು ದೊಡ್ಡ ಎಣ್ಣೆ ಕಂಪನಿಗಳ ಹೆಸರು ಹೇಳುತ್ತಾರೆ. ಆಫರ್ ಲೆಟರ್ ತೆಗೆದು ನೋಡಿದರೆ ಹೆಸರೇ ಬೇರೆ. ಹೊರಡುವ ಮೊದಲೇ ಇದು ತಿಳಿದಿರಬೇಕು.

ಇಲ್ಲಿ ನೆಲದಡಿಯ ಎಣ್ಣೆ ಸರ್ಕಾರದ್ದು. 1971ರಲ್ಲಿ ಶುರುವಾದ ಅಬುಧಾಬಿಯ ಸರ್ಕಾರಿ ಕಂಪನಿ ಅಡ್ನಾಕ್ ಅದನ್ನು ನೋಡಿಕೊಳ್ಳುತ್ತದೆ. ಕೊಲ್ಲಿಯ ಇನ್ನೊಂದು ದೇಶ ಕುವೈತ್ 1975ರಲ್ಲಿ ವಿದೇಶಿ ಕಂಪನಿಗಳ ಪಾಲನ್ನು ಪೂರ್ತಿ ವಾಪಸ್ ತಗೊಂಡಿತು. ಅಬುಧಾಬಿ ಹಾಗೆ ಮಾಡಲಿಲ್ಲ. ದೊಡ್ಡ ಕ್ಷೇತ್ರಗಳಲ್ಲಿ ಶೇ 60 ತಾನಿಟ್ಟುಕೊಂಡು ಉಳಿದದ್ದನ್ನು ವಿದೇಶಿಯರಿಗೆ ಬಿಟ್ಟಿತು. ನಮ್ಮ ಕಡೆ ಹೊಲ ಪಾಲಿಗೆ ಕೊಡುತ್ತಾರಲ್ಲ, ಹಾಗೆ. ಭೂಮಿ ಒಡೆಯನದೇ, ಅವಧಿ ಮುಗಿದರೆ ಬಿಡಬೇಕು. 1939ರಲ್ಲಿ 75 ವರ್ಷಕ್ಕೆ ಕೊಟ್ಟಿದ್ದ ಹಳೆಯ ಒಪ್ಪಂದ 2014ರ ಜನವರಿಗೆ ಮುಗಿಯಿತು. ಆಮೇಲೆ ಹೊಸದಾಗಿ 40 ವರ್ಷಕ್ಕೆ ಪಾಲು ಹಂಚಿದರು. ಚೀನಾ, ಕೊರಿಯಾದ ಕಂಪನಿಗಳೂ ಒಳಗೆ ಬಂದವು. ಸಮುದ್ರದ ಲೋವರ್ ಜಾಕುಮ್ ಕ್ಷೇತ್ರದಲ್ಲಿ 2018ರಲ್ಲಿ ಒಎನ್‌ಜಿಸಿ ವಿದೇಶ್ ಮುಂದಾಳಾಗಿದ್ದ ನಮ್ಮ ಸರ್ಕಾರಿ ಕಂಪನಿಗಳಿಗೂ ಶೇ 10 ಸಿಕ್ಕಿತು, 60 ಕೋಟಿ ಡಾಲರ್ ಕೊಟ್ಟು. ಆ ಸುದ್ದಿ ನನಗೆ ಈಗಲೂ ಹೆಮ್ಮೆ. ಆದರೆ ಅದನ್ನು ತೋರಿಸಿ "ಭಾರತೀಯರಿಗೆ ಕೆಲಸ ಗ್ಯಾರಂಟಿ" ಎನ್ನುವ ಏಜೆಂಟನ್ನು ನಂಬಬೇಡಿ. ಪಾಲು ಸಿಗುವುದು ಎಣ್ಣೆಯಲ್ಲಿ, ನೌಕರಿಯಲ್ಲಲ್ಲ.

ಸೈಟಿನ ಕೆಲಸ ಅಡ್ನಾಕ್‌ನಿಂದ ದೊಡ್ಡ ಕಾಂಟ್ರಾಕ್ಟರಿಗೆ, ಅವರಿಂದ ಸಬ್ ಕಾಂಟ್ರಾಕ್ಟರಿಗೆ, ಎಷ್ಟೋ ಸಲ ಅಲ್ಲಿಂದ ಮ್ಯಾನ್‌ಪವರ್ ಕಂಪನಿಗೆ ಇಳಿಯುತ್ತದೆ. ನಮ್ಮವರು ಜಾಸ್ತಿ ಇರುವುದು ಈ ಕೆಳಗಿನ ಮೆಟ್ಟಿಲಲ್ಲೇ. ಸೈಟು ದಾಸ್ ದ್ವೀಪದಲ್ಲಿರಲಿ, ರುವೈಸ್‌ನಲ್ಲಿರಲಿ, ಗೇಟಿನ ಮೇಲೆ ಯಾರ ಬೋರ್ಡ್ ಇದ್ದರೂ ನಿಮ್ಮ ಸಂಬಳ, ರಜೆ, ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಹಣ) ಎಲ್ಲ ವೀಸಾ ಕೊಟ್ಟ ಕಂಪನಿಯ ಕೈಯಲ್ಲಿ. ಮೇಲಿನವರ ಒಪ್ಪಂದ 40 ವರ್ಷದ್ದು, ನಿಮ್ಮದು ಸಾಮಾನ್ಯವಾಗಿ ಎರಡು ವರ್ಷದ್ದು. 2014ರ ನಂತರ, ಮತ್ತೆ 2020ರಲ್ಲಿ ಎಣ್ಣೆ ಬೆಲೆ ಬಿದ್ದಾಗ ಮೊದಲು ಮನೆಗೆ ಹೋದವರು ಕಾಂಟ್ರಾಕ್ಟರುಗಳ ಜನ. ಅದಕ್ಕೇ ಮೊದಲ ವರ್ಷವೇ ಊರಲ್ಲಿ ಸೈಟು, ಕಾರು ಎಂದು ಸಾಲ ಮಾಡಬೇಡಿ.

ಆಫರ್ ಲೆಟರಿನಲ್ಲಿ ಒಟ್ಟು ಸಂಬಳ ನೋಡಿ ಖುಷಿಪಡಬೇಡಿ, ಬೇಸಿಕ್, ಅಂದರೆ ಮೂಲ ವೇತನ, ಎಷ್ಟಿದೆ ನೋಡಿ. ಗ್ರಾಚ್ಯುಟಿ ಬರುವುದು ಅದರ ಮೇಲೆ. ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. ಬೇಸಿಕ್ ಕಮ್ಮಿ ಇಟ್ಟು ಅಲೋವನ್ಸ್ ಜಾಸ್ತಿ ತೋರಿಸಿದ್ದರೆ ಬಿಟ್ಟು ಬರುವ ದಿನ ಕೈಗೆ ಸಿಗುವುದು ಸ್ವಲ್ಪವೇ.

ಏಜೆಂಟ್ ಭಾರತ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಂದಣಿ ಆಗಿದ್ದಾನಾ ನೋಡಿ. ವೀಸಾ ಖರ್ಚು ಕಂಪನಿಯದು, ಅದನ್ನು ನಿಮ್ಮಿಂದ ಕೇಳುವುದೇ ಇಲ್ಲಿನ ಕಾನೂನಿಗೆ ವಿರುದ್ಧ. ವಿಸಿಟ್ ವೀಸಾದಲ್ಲಿ ಬಾ, ಇಲ್ಲಿಗೆ ಬಂದಮೇಲೆ ನೋಡೋಣ ಎಂದರೆ ಬರಲೇಬೇಡಿ. ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಇರಬೇಕು.

ಇನ್ನು ಸರ್ಟಿಫಿಕೇಟು. ಯುಎಇಗೆ ಅಪೊಸ್ಟಿಲ್ (ಹಲವು ದೇಶಗಳು ಒಪ್ಪುವ ಒಂದೇ ದೃಢೀಕರಣ ಮುದ್ರೆ) ಸಾಲದು. ಮೊದಲು ರಾಜ್ಯದ ಮಟ್ಟದಲ್ಲಿ, ಆಮೇಲೆ ವಿದೇಶಾಂಗ ಇಲಾಖೆಯಲ್ಲಿ, ಕೊನೆಗೆ ಯುಎಇ ರಾಯಭಾರ ಕಚೇರಿಯಲ್ಲಿ ದೃಢೀಕರಣ ಆಗಬೇಕು. ಊರಲ್ಲಿರುವಾಗಲೇ ಮುಗಿಸಿಕೊಂಡು ಬನ್ನಿ.