ಎಲ್‌ಎಫ್‌ಒ ಜೋಡಿ ಓಡಿಸೋದು ನಾಬಿನಿಂದಲ್ಲ, ರೀಸೆಟ್‌ನಿಂದ

ಕೊಪ್ಪಳದಾಗ ಮಾಡ್ಯುಲರ್ ಸಿಂಥ್ (ಮಾಡ್ಯೂಲ್ ಅನ್ನೋ ಬಿಡಿ ಡಬ್ಬಿ ಕೇಬಲ್ಲಿಂದ ಜೋಡಿಸಿ ಸದ್ದು ಹುಟ್ಟಿಸೋ ವಾದ್ಯ) ಹಿಡ್ಕೊಂಡು ಕುಂತ ಹುಡುಗರನ್ನ ನಾಕೈದು ಮಂದಿ ನೋಡೀನಿ, ಎಲ್ಲಾರ ತಪ್ಪೂ ಒಂದ. ಎರಡು ಎಲ್‌ಎಫ್‌ಒಗಳ (ಸದ್ದನ್ನ ನಿಧಾನಕ್ಕ ಏರಿಳಿಸೋ ಅಲೆ ಕೊಡೋ ಮಾಡ್ಯೂಲ್) ವೇಗದ ನಾಬ್ ಒಂದ ಕಡೆ ತಿರುವಿ "ಅಣ್ಣಾ, ಸಿಂಕ್ ಆತು" ಅಂತಾರ. ಆಗಿರಂಗಿಲ್ಲ. ಒಂದು 0.50 ಹರ್ಟ್ಜ್, ಇನ್ನೊಂದು 0.51 ಇದ್ರ 100 ಸೆಕೆಂಡಿನಾಗ ಪೂರ್ತಿ ಒಂದು ಸುತ್ತು ಫರಕ್ ಬೀಳ್ತೈತಿ. ಅನಲಾಗ್ ಮಾಡ್ಯೂಲ್ ಅಂತೂ ನಮ್ಮ ಬ್ಯಾಸಿಗಿ ಬಿಸಿಲಾಗ ಮುಂಜಾನಿ ಒಂದು ವೇಗ, ಮಧ್ಯಾಹ್ನ ಒಂದು ವೇಗ.

ಫೇಸ್ ಅಂದ್ರ ಜಾತ್ರ್ಯಾಗ ಕೈಲೆ ತಿರುವೋ ನಾಕು ತೊಟ್ಲಿನ ಚಕ್ರ ನೆನಸ್ರಿ. ವೇಗ ಎಲ್ಲಕ್ಕೂ ಒಂದ, ಒಂದು ತೊಟ್ಲು ತುದಿಗಿದ್ದಾಗ ಹಿಂದಿಂದು ಕಾಲು ಸುತ್ತು ಹಿಂದ. ಆ ಕಾಲು ಸುತ್ತ 90 ಡಿಗ್ರಿ.

ಮೊದಲು ಕ್ಲಾಕ್ (ಬೀಟಿಗೊಂದು ಮಿಡಿತ ಕೊಡೋ ಮಾಡ್ಯೂಲ್) 120 ಬಿಪಿಎಂಗೆ, ಅಂದ್ರ ನಿಮಿಷಕ್ಕ 120 ಬೀಟಿಗೆ ಇಡ್ರಿ. ನಾಕು ಬೀಟಿನ ಬಾರ್ 2 ಸೆಕೆಂಡ್, ಬಾರಿಗೊಂದು ಸುತ್ತು ಅಂದ್ರ ಎರಡೂ ಎಲ್‌ಎಫ್‌ಒ 0.5 ಹರ್ಟ್ಜ್.

ಕೆಡೋದು ಇಲ್ಲೇ ನೋಡ್ರಿ. ಕ್ಲಾಕ್ ಕೇಬಲ್ ಸೀದಾ ಎಲ್‌ಎಫ್‌ಒದ ಅಲೆ ಮೊದಲಿಂದ ಶುರು ಮಾಡ್ಸೋ ತೂತು, ರೀಸೆಟ್‌ಗೆ ಚುಚ್ತಾರ, ಆಗ ಬೀಟಿಗೊಮ್ಮೆ ಅಲೆ ಮೊದಲಿಂದ ಶುರುವಾಗಿ ಸೈನ್ (ದುಂಡಗ ಏರಿಳಿಯೋ ಅಲೆ) ಮ್ಯಾಲೆ ಏರೋದಷ್ಟ, ಇಳಿಯೋ ಮಾತ ಇಲ್ಲ, ಅದು ಆಡಿಸೋ ಫಿಲ್ಟರ್ (ಸದ್ದಿನ ಹೊಳಪು ಹೆಚ್ಚು ಕಮ್ಮಿ ಮಾಡೋ ಮಾಡ್ಯೂಲ್) ಒಂದ ಕಡೆ ವಾಲಿರ್ತೈತಿ, "ಮಾಡ್ಯೂಲ್ ಹಾಳಾಗೇತಿ" ಅಂತ ನನಗ ಫೋನ್ ಮಾಡ್ತಾರ. ನಡುವ ಕ್ಲಾಕ್ ಡಿವೈಡರ್ ಹಾಕಿ ನಾಕಕ್ಕ ಭಾಗ ಮಾಡ್ರಿ, ಬಾರಿಗೆ ಒಂದ ಮಿಡಿತ (ಟ್ರಿಗರ್) ರೀಸೆಟ್‌ಗೆ ಹೋಗ್ಲಿ. ಆಮ್ಯಾಲೂ ಟಿಕ್ ಟಿಕ್ ಕೇಳಿದ್ರ ನಾಬ್ ಸರಿ ಕುಂತಿಲ್ಲ: ವೇಗ ಕಮ್ಮಿ ಇದ್ರ ಅಲೆಯ ಬಾಲ ಕತ್ತರಸ್ತೈತಿ, ಹೆಚ್ಚಿದ್ರ ಮುಂದಿನ ಅಲೆಯ ತುಂಡು ಹುಟ್ತೈತಿ. ಟಿಕ್ ಹೋಗೋ ತನಕ ಕೂದಲೆಳೆಯಷ್ಟು ತಿರುವ್ರಿ, ಅವಸರ ಬ್ಯಾಡ. ಎಲ್‌ಎಫ್‌ಒಗೆ ಬ್ಯಾರೆ ಕ್ಲಾಕ್ ತೂತ ಇದ್ರ ಈ ಪಜೀತಿ ಇಲ್ಲ, ನಾನಂತೂ ಅದಿಲ್ಲದ್ದು ತಗೊಳ್ಳೋದ ಬಿಟ್ಟೀನಿ.

ಈಗ ಫೇಸ್. 180 ಬೇಕಂದ್ರ ಅಲೆ ತಲೆಕೆಳಗ ಮಾಡೋ ಇನ್ವರ್ಟರ್ ಮಾಡ್ಯೂಲ್ ಸಾಕು, ಆದ್ರ ಸೈನ್, ಟ್ರಯಾಂಗಲ್‌ನಂಥ ಸಮ ಆಕಾರದ ಅಲೆಗೆ ಅಷ್ಟ. ಸಾ (ಗರಗಸದ ಹಲ್ಲಿನಂಥ) ಅಲೆ ತಿರುವಿ ಹಾಕಿದ್ರ ಏರೋದು ಇಳಿಯೋದಾಗ್ತೈತಿ, ಫೇಸ್ ಸರಿಯಂಗಿಲ್ಲ. 90ಕ್ಕ ನನ್ನ ದಾರಿ 16 ಸ್ಟೆಪ್ಪಿನ ಟ್ರಿಗರ್ ಸೀಕ್ವೆನ್ಸರ್: ಡಿವೈಡರ್ ತಗೀರಿ, ಬೀಟಿಗೆ ನಾಕು ಸ್ಟೆಪ್ ಓಡಸ್ರಿ (16 ಸ್ಟೆಪ್ ಅಂದ್ರ ಒಂದು ಬಾರ್, ಪೂರ್ತಿ ಒಂದು ಸುತ್ತು), 1ನೇ ಸ್ಟೆಪ್ ಒಂದರ ರೀಸೆಟ್‌ಗೆ, 5ನೇದು ಇನ್ನೊಂದಕ್ಕ. 3ನೇದಕ್ಕ ಹಾಕಿದ್ರ 45. ಆಡಿಯೋ ಡಿಲೇದಾಗ ಎಲ್‌ಎಫ್‌ಒ ತೂರಿಸಿ ಶಾರ್ಟ್‌ಕಟ್ ಹೊಡೀಬ್ಯಾಡ್ರಿ, ಭಾಳ ಡಿಲೇಗಳು ಇಷ್ಟು ನಿಧಾನದ ಸಿಗ್ನಲ್ ಒಳಗ ಬಿಡಂಗಿಲ್ಲ. ರೊಕ್ಕ ಇದ್ದವ್ರಿಗೆ ಡೋಪ್ಫರ್ ಕಂಪನಿಯ ಎ-143-9 ಎಲ್‌ಎಫ್‌ಒ ಐತಿ, ಅದು 0, 90, 180, 270 ನಾಕೂ ಒಟ್ಟಿಗೇ ಕೊಡ್ತೈತಿ. ಇಲ್ಲದವ್ರು ಕಂಪ್ಯೂಟರ್‌ನಾಗ ವಿಸಿವಿ ರ‍್ಯಾಕ್ ಫ್ರೀ ಅನ್ನೋ ಪುಕ್ಕಟೆ ಸಿಂಥ್ ಸಾಫ್ಟ್‌ವೇರ್ ಇಳಿಸ್ಕೊಂಡು ಇದನ್ನೆಲ್ಲ ಮಾಡ್ರಿ, ಕೇಬಲ್ ಖರ್ಚೂ ಉಳೀತು.

ಪರೀಕ್ಷೆಗೆ ಎರಡೂ ಸೈನ್ ಒಂದ ಅಳತಿಗೆ ಇಟ್ಟು ಸ್ಕೋಪಿನ (ಅಲೆ ಬರೆದು ತೋರ್ಸೋ ಪರದೆ) ಎಕ್ಸ್-ವೈಗೆ, ಒಂದು ಅಡ್ಡಕ್ಕ ಇನ್ನೊಂದು ಉದ್ದಕ್ಕ ಕೊಡ್ರಿ. ಬಲಕ್ಕ ಏರೋ ಓರಿ ಗೆರಿ ಬಂದ್ರ ಫೇಸ್ ಒಂದ ಐತಿ, ಬಲಕ್ಕ ಇಳಿಯೋದು ಬಂದ್ರ 180, ದುಂಡಗ ಬಂದ್ರ 90, 45 ಇಡದ ಮೊಟ್ಟಿ ಆಕಾರ ಬಂದ್ರ ಇನ್ನೊಮ್ಮೆ ನಾಬ್ ಹತ್ರ ಹೋಗ್ರಿ. ಟೆಂಪೊ ಬದಲಿಸಿದಾಗೂ ಅಷ್ಟ, ರೀಸೆಟ್ ತಾನ ಸರೀತೈತಿ, ವೇಗದ ನಾಬ್ ಸರಿಯಂಗಿಲ್ಲ.